ದೊಡ್ಡಕ್ಕನಿಗೆ ಕೊಟ್ಟ ಒಂದನೇ ನಂಬರು

ಅವಳಿಗಳನ್ನು ಹುಡುಕುವುದು ನನ್ನ ಕೆಲಸ. ಹೀಗೆ ಹೇಳಿದರೆ ಯಾರೂ ನಂಬುವುದಿಲ್ಲ. ಬ್ಯಾಂಕಿನಲ್ಲಿ ಒಂದು ಸಲ ಉದ್ಯೋಗ ಏನೆಂದು ಕೇಳಿದಾಗ ಇದನ್ನೇ ಹೇಳಿದೆ. ಕೌಂಟರಿನಾಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ ‘ಗೃಹಿಣಿ’ ಎಂದು ಬರೆದುಕೊಂಡಳು. ಅದನ್ನು ಹೊಡೆದುಹಾಕಿಸುವ ತನಕ ನಾನು ಅಲ್ಲಿಂದ ಕದಲಲಿಲ್ಲ.

ನಮ್ಮ ಆಫೀಸು ಹೆಬ್ಬಾಳದಲ್ಲಿ, ಒಂದು ಬೇಕರಿಯ ಮಹಡಿಯ ಮೇಲೆ. ಮೂರು ಕೋಣೆ, ಒಂದು ಫ್ರಿಜ್ಜು, ನಾಲ್ಕು ಬೀರು. ಅವಳಿಗಳಾಗಿ ಹುಟ್ಟಿದವರ ವಿವರ ಬರೆದಿಟ್ಟುಕೊಂಡು, ವರ್ಷಕ್ಕೊಮ್ಮೆ ಇಬ್ಬರನ್ನೂ ಕರೆದು ತೂಕ, ಬಿಪಿ, ರಕ್ತ ನೋಡುತ್ತೇವೆ. ಒಂದೇ ಹೊಟ್ಟೆಯಲ್ಲಿ ಒಟ್ಟಿಗೆ ಬೆಳೆದವರಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ ಬಂದು ಇನ್ನೊಬ್ಬರಿಗೆ ಏಕೆ ಬರಲಿಲ್ಲ, ಅದು ಹುಟ್ಟಿನಿಂದ ಬಂದದ್ದೋ ಬದುಕಿದ ರೀತಿಯಿಂದ ಬಂದದ್ದೋ ಎಂದು ತಿಳಿಯಲು ಇಂಥ ಪಟ್ಟಿ ಬೇಕು. ಇದನ್ನೆಲ್ಲ ಶುರು ಮಾಡಿದವರು ಮೇಡಂ. ಅರವತ್ತು ದಾಟಿದ ಡಾಕ್ಟರು, ಮೆಲುಮಾತಿನವರು, ಅವರ ಸಿಟ್ಟನ್ನು ನಾನು ಇನ್ನೂ ನೋಡಿಲ್ಲ. ರಕ್ತ ತೆಗೆಯುವವಳು ಬಾಗಲಕೋಟೆ ಕಡೆಯ ಹುಡುಗಿ. ಕೆಲಸದಲ್ಲಿ ಬಹಳ ಕಟ್ಟುನಿಟ್ಟು, ಫಾರಮ್ಮಿನಲ್ಲಿ ಏನಿದೆಯೋ ಅದೇ. ಮನೆ ಮನೆ ತಿರುಗುವವಳು ನಾನು.

ನಾನು ಹುಟ್ಟಿದ್ದು ಪುಟ್ಟೇನಹಳ್ಳಿಯಲ್ಲಿ, ಕೆರೆಯ ಆಚೆ ದಡದ ಮನೆಯಲ್ಲಿ. ಕೊಟ್ಟಿದ್ದು ಬ್ಯಾಟರಾಯನಪುರಕ್ಕೆ. ಮದುವೆಯಾಗಿ ಬಂದ ಮೇಲೆ ವರ್ಷಗಟ್ಟಲೆ ಪೋಲಿಯೋ ಹನಿ ಹಾಕುತ್ತಾ ಈ ಕಡೆಯ ಓಣಿಗಳನ್ನೆಲ್ಲ ಸುತ್ತಿದ್ದೆ. ಬಾಯಿ ಜೋರು, ಕಾಲು ಗಟ್ಟಿ ಎನ್ನುವುದೇ ನನ್ನ ಅರ್ಹತೆ. ಅವಳಿಗಳು ಆಸ್ಪತ್ರೆಯ ಕಡತಗಳಲ್ಲಿ ಸಿಗುತ್ತಾರೆ ಎಂದು ಮೊದಲು ಮೇಡಂ ನಂಬಿದ್ದರು. ಪತ್ರ ಬರೆದು ಬರೆದು ಕಾದರು. ನಾನು ಕೆಳಗಿನ ಬೇಕರಿಗೆ ಹೋಗಿ, ಒಂದೇ ಕೇಕಿನ ಮೇಲೆ ಎರಡು ಹೆಸರು ಬರೆಸುವವರು ಬಂದರೆ ನನಗೊಂದು ಮಾತು ಹೇಳಪ್ಪ ಎಂದು ಹೇಳಿ ಬಂದೆ. ಆ ತಿಂಗಳೇ ನಾಲ್ಕು ಜೋಡಿ ಸಿಕ್ಕವು. ಆಮೇಲೆ ಆರ್.ಟಿ. ನಗರದ ಟೈಲರುಗಳನ್ನು ಹಿಡಿದೆ. ಒಂದೇ ಬಟ್ಟೆಯಲ್ಲಿ ಒಂದೇ ಅಳತೆಯ ಎರಡು ಫ್ರಾಕು ಹೊಲಿಸುವ ತಾಯಂದಿರು ಅವರಿಗೆಲ್ಲ ಗೊತ್ತು. ವಯಸ್ಸಾದ ಅವಳಿಗಳು ಬೇಕೆಂದರೆ ಹಳೆಯ ಹಳ್ಳಿಗಳ ಹಾಲಿನ ಡೈರಿಗೆ ಬೆಳಗ್ಗೆ ಹೋಗಿ ನಿಂತರಾಯಿತು. ‘ನಿಂಗೆ ಸಂಬಳ ಕೊಟ್ಟು ಹರಟೆಗೆ ಕಳಿಸ್ತಾರೆ’ ಎಂದು ನನ್ನ ಯಜಮಾನರು ರೇಗಿಸುತ್ತಾರೆ. ಸುಳ್ಳೇನಲ್ಲ.

ಸೋಲದೇವನಹಳ್ಳಿಯ ಅಕ್ಕ ತಂಗಿ ಸಿಕ್ಕಿದ್ದು ಹಾಗೆ, ಡೈರಿಯ ಸಾಲಿನಲ್ಲಿ. ಅರವತ್ತೈದರ ಆಸುಪಾಸಿನ ಇಬ್ಬರು, ಒಂದೇ ಮೂಗು, ಒಂದೇ ನಡಿಗೆ, ಕೈಯಲ್ಲಿ ಒಂದೊಂದು ಹಾಲಿನ ಕ್ಯಾನು. ಅಣ್ಣತಮ್ಮಂದಿರಿಬ್ಬರನ್ನು ಮದುವೆಯಾಗಿ ಒಂದೇ ಅಂಗಳದ ಎರಡು ಮನೆಗಳಲ್ಲಿ ಬಾಳಿದವರು. ಹೆಸರಘಟ್ಟ ರಸ್ತೆಯಲ್ಲಿ ಕಾಲೇಜುಗಳು ಬಂದ ಮೇಲೆ ಮಹಡಿ ಕಟ್ಟಿಸಿ ಓದುವ ಹುಡುಗಿಯರಿಗೆ ಬಾಡಿಗೆಗೆ ಕೊಟ್ಟಿದ್ದಾರೆ, ಆದರೂ ಹಸು ಬಿಟ್ಟಿಲ್ಲ. ಊರಿಗೆಲ್ಲ ಒಬ್ಬರು ದೊಡ್ಡಕ್ಕ, ಇನ್ನೊಬ್ಬರು ಚಿಕ್ಕಕ್ಕ. ನಾನೂ ಹಾಗೇ ಕರೆದೆ. ದೊಡ್ಡಕ್ಕ ಗಟ್ಟಿಗಿತ್ತಿ. ಚಿಕ್ಕಕ್ಕ ಸೂಜಿ ಎಂದರೆ ಸೆರಗು ಮುಖಕ್ಕೆ ಹಿಡಿಯುವವರು.

ನಮ್ಮಲ್ಲಿ ಒಂದು ನಿಯಮ ಇದೆ. ಪ್ರತಿ ಜೋಡಿಗೂ ಒಂದು ನಂಬರು. ಆ ನಂಬರಿನ ಕೊನೆಗೆ, ಮೊದಲು ಹುಟ್ಟಿದವರಿಗೆ ಒಂದು, ಆಮೇಲೆ ಹುಟ್ಟಿದವರಿಗೆ ಎರಡು. ರಕ್ತದ ಟ್ಯೂಬಿನ ಮೇಲೆ ಹೆಸರು ಬರೆಯುವಂತಿಲ್ಲ, ನಂಬರು ಮಾತ್ರ. ಯಾವ ನಂಬರು ಯಾರದು ಎಂಬ ಪುಸ್ತಕ ನನ್ನ ಬೀರುವಿನಲ್ಲಿ, ಬೀಗದ ಒಳಗೆ. ಯಾರ ಕಾಯಿಲೆಯೂ ಬೇರೆಯವರ ಬಾಯಿಗೆ ಬೀಳಬಾರದು ಎಂದು ಮೇಡಂ ಮಾಡಿದ ವ್ಯವಸ್ಥೆ ಇದು. ಆ ಬೀಗದ ಕೈ ನನ್ನ ಕೈಯಲ್ಲಿದೆ ಎಂದು ನನಗೆ ಸ್ವಲ್ಪ ಜಂಬವೂ ಇತ್ತು.

ಫಾರಮ್ಮಿನ ಪ್ರಶ್ನೆಗಳನ್ನು ಅಚ್ಚಾದ ಹಾಗೆ ಓದುವುದು ನನಗೆ ಮೊದಲಿನಿಂದ ಆಗದು. ‘ಮೊದಲು ಜನಿಸಿದವರು ಯಾರು’ ಎಂದು ಕೇಳಿದರೆ ಪೊಲೀಸಿನವರು ಕೇಳಿದ ಹಾಗಿರುತ್ತದೆ. ನಾನು ಜಗುಲಿಯ ಮೇಲೆ ಕುಳಿತು, ಅವರು ಕೊಟ್ಟ ಕಾಫಿ ಕುಡಿದು, ಮಾತಿನ ನಡುವೆ ಒಂದೊಂದೇ ಕೇಳಿಕೊಳ್ಳುತ್ತೇನೆ. ಅವತ್ತೂ ಹಾಗೇ ಕೇಳಿದೆ.

“ನಿಮ್ಮಿಬ್ರಲ್ಲಿ ದೊಡ್ಡೋರು ಯಾರಮ್ಮ?”

“ನಾನೇ ಕಣವ್ವ,” ಎಂದರು ದೊಡ್ಡಕ್ಕ. ಒಂದನೇ ನಂಬರಿನ ಕಾರ್ಡು ಅವರಿಗೆ ಕೊಟ್ಟೆ, ಎರಡನೆಯದು ಚಿಕ್ಕಕ್ಕನಿಗೆ. ಇಬ್ಬರೂ ಕಣ್ಣಿಗೊತ್ತಿಕೊಂಡು ದೇವರ ಗೂಡಿನಲ್ಲಿ ಇಟ್ಟರು.

ಕಾರ್ಡು ದೇವರ ಗೂಡಿನಲ್ಲೇ ಉಳಿಯಿತು. ರಕ್ತ ಕೊಡಲು ಬಂದ ದಿನ ಇಬ್ಬರೂ ಬರಿಗೈಯಲ್ಲಿ ಬಂದಿದ್ದರು. ನಾನು ಯಲಹಂಕದಲ್ಲಿ ಬೇರೊಂದು ಜೋಡಿಯ ಹಿಂದೆ ಬಿದ್ದಿದ್ದೆ. ಬಾಗಲಕೋಟೆಯ ಹುಡುಗಿ ನಿಯಮದಂತೆ ಕೇಳಿ, ನಿಯಮದಂತೆ ಟ್ಯೂಬಿಗೆ ನಂಬರು ಅಂಟಿಸಿ ಕಳಿಸಿದಳು. ಇದೆಲ್ಲ ನನಗೆ ಆಗ ಗೊತ್ತಾಗಲಿಲ್ಲ, ಗೊತ್ತಾಗುವ ಕಾರಣವೂ ಇರಲಿಲ್ಲ.

ರಿಪೋರ್ಟು ಬಂತು. ಎರಡನೇ ನಂಬರಿನವರು ಚೆನ್ನಾಗಿದ್ದಾರೆ. ಒಂದನೇ ನಂಬರಿನವರ ಮೂತ್ರಪಿಂಡ ಸೋಲುತ್ತಾ ಬಂದಿದೆ. ಮೇಡಂ ಅದನ್ನು ನೋಡಿ, ಈಗಲೇ ಎಚ್ಚರ ವಹಿಸಿದರೆ ತಡೆಯಬಹುದು, ಬಿಟ್ಟರೆ ಕಷ್ಟ ಎಂದರು. ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಕಾಗದ ಬರೆದರು: ಉಪ್ಪು ಕಡಿಮೆ ಮಾಡಿ, ಉಪ್ಪಿನಕಾಯಿ ಹಪ್ಪಳ ಬೇಡ, ಭಾರದ ಕೆಲಸ ಬೇಡ, ಮುಖ್ಯವಾಗಿ ನೋವಿನ ಮಾತ್ರೆ ಮುಟ್ಟಬೇಡಿ, ಒಂದು ತಿಂಗಳ ಮೇಲೆ ಮತ್ತೆ ರಕ್ತ ನೋಡೋಣ. ಆ ಕಾಗದವನ್ನು ನಾನೇ ಒಯ್ದು ದೊಡ್ಡಕ್ಕನ ಕೈಗೆ ಕೊಟ್ಟು ಓದಿ ಹೇಳಿದೆ. ಅವರು ತಲೆಯಾಡಿಸಿದರು. ಪಕ್ಕದಲ್ಲಿ ಚಿಕ್ಕಕ್ಕ ಅಳುತ್ತಿದ್ದರು.

ತಿಂಗಳು ಕಳೆಯಿತು. ಎರಡನೇ ಪರೀಕ್ಷೆಗೆ ಕರೆಯಲೆಂದು ಮತ್ತೆ ಸೋಲದೇವನಹಳ್ಳಿಗೆ ಹೋದೆ. ಬೆಳಗಿನ ಹನ್ನೊಂದು ಗಂಟೆ. ದೊಡ್ಡಕ್ಕ ಜಗುಲಿಯ ಮೇಲೆ ಅವರೆಕಾಯಿ ಬಿಡಿಸುತ್ತಾ ಕುಳಿತಿದ್ದರು. ಮೊದಲಿಗಿಂತ ಸೊರಗಿದ್ದರು.

“ಬಾರವ್ವ, ಕುಂತ್ಕ. ನಿನ್ ಕಾಗ್ದ ಬಂದಾಗಿಂದ ಸಾರಿಗೆ ಉಪ್ಪೇ ಆಕಿಲ್ಲ. ನಾಲ್ಗೆ ಸತ್ತೋಗದೆ,” ಎಂದರು ನಗುತ್ತಾ.

“ಒಳ್ಳೇದಾಯ್ತು ಬಿಡಿ. ನೋವಿನ ಮಾತ್ರೆ ಏನಾದ್ರೂ ತಗೊಳ್ತಿದ್ರಾ ಮುಂಚೆ? ಮೇಡಂ ಕೇಳ್ಕೊಂಡು ಬಾ ಅಂದಿದ್ದಾರೆ.”

“ನಾನಾ? ಜ್ವರಕ್ಕೂ ಮಾತ್ರೆ ನುಂಗ್ದೋಳಲ್ಲ ನಾನು. ಕಷಾಯ ಕುಡ್ದು ಮನಿಕ್ಕತೀನಿ.”

ಅಷ್ಟರಲ್ಲಿ ಚಿಕ್ಕಕ್ಕ ಕೊಟ್ಟಿಗೆಯಿಂದ ಕುಂಟುತ್ತಾ ಬಂದರು. ಅಕ್ಕನಿಗೆ ಭಾರದ ಕೆಲಸ ಬೇಡ ಎಂದು ಕಾಗದದಲ್ಲಿತ್ತಲ್ಲ, ಹಾಗಾಗಿ ಎರಡೂ ಮನೆಯ ಸಗಣಿ, ಹುಲ್ಲು, ನೀರು ಎಲ್ಲ ಇವರ ತಲೆಗೆ ಬಂದಿತ್ತು. ಜಗುಲಿಯ ಅಂಚಿಗೆ ಕುಳಿತು, ಸೆರಗಿನ ಗಂಟು ಬಿಚ್ಚಿ ಒಂದು ಮಾತ್ರೆ ತೆಗೆದು ಬಾಯಿಗೆ ಹಾಕಿಕೊಂಡು ನೀರು ಕುಡಿದರು.

“ಅದೇನ್ ಮಾತ್ರೆ ಚಿಕ್ಕಕ್ಕ?”

“ಮಂಡಿನೋವಿಗೆ ಕಣವ್ವ. ಮೆಡಿಕಲ್ ಶಾಪ್ನೋನು ಕೊಡ್ತಾನೆ. ಆರೇಳು ವರ್ಸ ಆಯ್ತು. ದಿನಕ್ಕೊಂದು ನುಂಗ್ತಿದ್ದೆ, ಈಗ ಕೆಲ್ಸ ಜಾಸ್ತಿ ಆಗಿ ಎರಡು ಬೇಕಾಗದೆ.”

ನಾನು ಡಾಕ್ಟರಲ್ಲ, ಆದರೆ ಇಷ್ಟು ವರ್ಷ ಆ ಆಫೀಸಿನಲ್ಲಿ ಕುಳಿತು ಅಷ್ಟೂ ತಿಳಿಯದಷ್ಟು ದಡ್ಡಿಯೂ ಅಲ್ಲ. ಮೂತ್ರಪಿಂಡವನ್ನು ಸೋಲಿಸುವುದು ಇಂಥ ಮಾತ್ರೆಯೇ. ಅದನ್ನು ನುಂಗಿದವರು ಒಬ್ಬರು, ಕೆಟ್ಟ ರಿಪೋರ್ಟು ಬಂದದ್ದು ಇನ್ನೊಬ್ಬರಿಗೆ. ಅಂಗಳಕ್ಕೆ ಇಳಿದು ಬಾಗಲಕೋಟೆಯ ಹುಡುಗಿಗೆ ಫೋನು ಮಾಡಿದೆ. ಸೋಲದೇವನಹಳ್ಳಿಯ ಅವಳಿಗಳ ರಕ್ತ ತೆಗೆದಾಗ ಒಂದನೇ ನಂಬರು ಯಾರೆಂದು ಹೇಗೆ ಕೇಳಿದೆ ಎಂದೆ.

“ಫಾರಮ್ಮಿನ್ಯಾಗ ಹೆಂಗೈತಿ ಹಂಗ ಕೇಳೀನ್ರಿ ಅಕ್ಕಾರ. ಮೊದಲ ಹುಟ್ಟಿದಾಕಿ ಯಾರು ಅಂತ. ಸೂಜಿ ನೋಡಿ ಅಂಜತಿದ್ರಲ್ರಿ, ಅವ್ರು ನಾನು ಅಂದ್ರು.”

ದೊಡ್ಡಕ್ಕನ ಹತ್ತಿರ ಹೋಗಿ, ನಿಮ್ಮಲ್ಲಿ ಮೊದಲು ಹುಟ್ಟಿದ್ದು ಯಾರು ಎಂದು ಕೇಳಿದೆ.

“ಅವ್ಳೇ. ಮದ್ಲು ಅವ್ಳು ಉಟ್ಟಿದ್ದು, ಆಮ್ಯಾಕೆ ನಾನು.”

“ಮತ್ತೆ ನೀವು ದೊಡ್ಡೋರು ಹೆಂಗಾದ್ರಿ?”

“ಅದೇನವ್ವ ಇಂಗೆ ಕೇಳ್ತೀಯ, ನೀನೂ ಈ ಕಡೆಯೋಳೇ ಅಲ್ವಾ? ಅವಳಿ ಜವಳೀಲಿ ಇಂದೆ ಬಂದದ್ದೇ ದೊಡ್ಡದು. ಚಿಕ್ಕದ್ನ ಮುಂದೆ ಕಳ್ಸಿ, ದೊಡ್ಡದು ಇಂದೆ ಬತ್ತದೆ.”

ನನ್ನ ಅಜ್ಜಿಯೂ ಇದನ್ನೇ ಹೇಳುತ್ತಿದ್ದರು. ಕೆರೆ ದಡದ ಆ ಮನೆಯಲ್ಲಿ, ಪಕ್ಕದ ಮನೆಯ ಅವಳಿ ಗಂಡುಮಕ್ಕಳನ್ನು ತೋರಿಸಿ ಎಷ್ಟು ಸಲ ಹೇಳಿದ್ದರೋ. ಊರೂರಿನ ಪದ್ಧತಿ ನನಗೆ ಗೊತ್ತು ಎಂದು ಮೇಡಂ ಮುಂದೆ ಕೊಚ್ಚಿಕೊಳ್ಳುವ ನಾನೇ ಇದನ್ನು ಮರೆತು, ದೊಡ್ಡೋರು ಯಾರು ಎಂದು ಕೇಳಿ, ಕಾರ್ಡು ಹಂಚಿಬಿಟ್ಟಿದ್ದೆ. ಆ ಹುಡುಗಿ ಕೇಳಬೇಕಾದ್ದನ್ನೇ ಕೇಳಿದ್ದಳು. ತಪ್ಪು ಪೂರ್ತಿ ನನ್ನದು. ಒಂದು ತಿಂಗಳು ಆರೋಗ್ಯವಾಗಿರುವವರು ಪಥ್ಯ ಮಾಡಿದ್ದಾರೆ, ಕಾಯಿಲೆಯವರು ಎರಡು ಮನೆಯ ಭಾರ ಹೊತ್ತು ಮಾತ್ರೆ ಎರಡಕ್ಕೇರಿಸಿದ್ದಾರೆ. ಲ್ಯಾಬಿನವರಿಗೂ ಇದು ತಿಳಿಯುವಂತಿರಲಿಲ್ಲ. ಇವರು ಒಂದೇ ತತ್ತಿಯಿಂದಾದ ಅವಳಿಗಳು, ಯಾವ ಯಂತ್ರಕ್ಕೆ ಹಾಕಿದರೂ ಎರಡೂ ರಕ್ತದ ಗುರುತು ಒಂದೇ.

ಚಿಕ್ಕಕ್ಕನ ಹತ್ತಿರ ಮಾತ್ರೆಯ ಸ್ಟ್ರಿಪ್ಪು ಇಸಿದುಕೊಂಡು ಚೀಲಕ್ಕೆ ಹಾಕಿಕೊಂಡೆ. ಇದನ್ನು ಇವತ್ತಿನಿಂದ ನುಂಗಬೇಡಿ, ಮೇಡಂ ಬೇರೆ ಔಷಧಿ ಕೊಡುತ್ತಾರೆ ಎಂದೆ. ನನ್ನ ಮುಖ ನೋಡಿದ ದೊಡ್ಡಕ್ಕ ಎದ್ದು, “ಅಸೀಗೆ ಉಲ್ಲು ಆಕ್ಬೇಕು, ಬಾ,” ಎಂದು ನನ್ನನ್ನು ಕೊಟ್ಟಿಗೆಗೆ ಕರೆದುಕೊಂಡು ಹೋದರು. ಅಲ್ಲಿ ನಾನು ಎಲ್ಲ ಹೇಳಿದೆ, ಒಂದೂ ಬಿಡದೆ. ನಂಬರು ಅದಲುಬದಲಾಗಿದೆ, ಕಾಯಿಲೆ ನಿಮ್ಮದಲ್ಲ, ಚಿಕ್ಕಕ್ಕನದು ಎಂದೆ.

ಅವರು ಹುಲ್ಲನ್ನು ಹಸುವಿನ ಮುಂದೆ ಹಾಕಿ ಅದರ ಬೆನ್ನು ಸವರಿದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಹಗುರವಾಗುತ್ತಿತ್ತು.

“ಒಂದ್ ಕೆಲ್ಸ ಮಾಡು. ಅದು ನನ್ ಎಸ್ರಲ್ಲೇ ಇರ್ಲಿ,” ಎಂದರು.

“ಅಂದ್ರೆ?”

“ಅವ್ಳು ಎದ್ರುಪುಕ್ಲಿ ಕಣವ್ವ. ಗೊತ್ತಾದ್ರೆ ಆ ಯೋಚ್ನೇಲೇ ಅರ್ಧ ಆಗೋಗ್ತಾಳೆ. ಮಾತ್ರೆ ನಾನು ಬುಡುಸ್ತೀನಿ. ಕೊಟ್ಟಿಗೆ ಕೆಲ್ಸ ನಾನು ಮಾಡ್ತೀನಿ. ಉಪ್ಪಿಲ್ದ ಸಾರು ಇಬ್ರೂ ಉಣ್ತೀವಿ, ನಂಗೋಸ್ಕರ ಉಣ್ಣೆ ಅಂದ್ರೆ ಉಣ್ತಾಳೆ. ಕಾಯ್ಲೆ ನಂಗೇ ಅಂತ ಅನ್ಕಂಡಿರ್ಲಿ. ನಿನ್ ತಪ್ಪೂ ಯಾರ್ಗೂ ಗೊತ್ತಾಗಕಿಲ್ಲ.”

ಆ ಕೊನೆಯ ಮಾತು ಕೇಳಿ ನನಗೆ ಆಸೆ ಆಯಿತು. ಇಲ್ಲ ಎಂದರೆ ಸುಳ್ಳಾಗುತ್ತದೆ. ಬೀರುವಿನ ಬೀಗ ನನ್ನ ಕೈಯಲ್ಲಿದೆ, ಪುಸ್ತಕ ನನ್ನ ಹತ್ತಿರ ಇದೆ, ದೊಡ್ಡಕ್ಕ ಬಾಯಿ ಬಿಡುವವರಲ್ಲ. ಚಿಕ್ಕಕ್ಕನಿಗೆ ಬೇಕಾದ ಪಥ್ಯ ಹೇಗೂ ನಡೆಯುತ್ತದೆ. ಸ್ಕೂಟರಿನಲ್ಲಿ ವಾಪಸು ಬರುವಾಗ ಚಿಕ್ಕಬಾಣಾವರದ ಟ್ರಾಫಿಕ್ಕಿನಲ್ಲಿ ನಿಂತು ಇದನ್ನೇ ತಿರುಗಾ ಮುರುಗಾ ಯೋಚಿಸಿದೆ. ಆದರೆ ಮುಂದೆ ಕಾಯಿಲೆ ಹೆಚ್ಚಾದರೆ ಡಾಕ್ಟರ ಮುಂದೆ ಕೂರಬೇಕಾದವರು ಚಿಕ್ಕಕ್ಕ. ತನ್ನ ಮೈಯಲ್ಲಿ ಏನಾಗುತ್ತಿದೆ ಎಂದು ಅವರೊಬ್ಬರಿಗೇ ಗೊತ್ತಿಲ್ಲದೆ ಹೇಗೆ? ಇನ್ನೂ ಒಂದು ವಿಷಯ ಇತ್ತು. ಜನ ನನ್ನನ್ನು ನಂಬಿ ಕೈ ಚಾಚಿ ರಕ್ತ ಕೊಡುತ್ತಾರೆ. ಆ ಪುಸ್ತಕದಲ್ಲಿ ಒಂದು ಸುಳ್ಳು ಗೊತ್ತಿದ್ದೂ ಕುಳಿತರೆ, ನಾಳೆ ಇನ್ನೊಂದು ಮನೆಯ ಜಗುಲಿಯಲ್ಲಿ ನಾನು ಯಾವ ಮುಖ ಇಟ್ಟುಕೊಂಡು ಕಾಫಿ ಕುಡಿಯಲಿ?

ಗಂಗಮ್ಮ ಸರ್ಕಲ್ ದಾಟುವ ಹೊತ್ತಿಗೆ ನಿರ್ಧಾರ ಮಾಡಿದ್ದೆ. ನೇರ ಮೇಡಂ ಕೋಣೆಗೆ ಹೋಗಿ, ಮಾತ್ರೆಯ ಸ್ಟ್ರಿಪ್ಪನ್ನು ಮೇಜಿನ ಮೇಲಿಟ್ಟು ಹೇಳಿದೆ. ಅವರು ಅದನ್ನು ತಿರುಗಿಸಿ ಮಾತ್ರೆಯ ಹೆಸರು ಓದಿದರು. ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು.

“ಮಾತ್ರೆ ಎತ್ಕೊಂಡು ಬಂದ್ರಲ್ಲ, ಒಳ್ಳೇ ಕೆಲ್ಸ ಮಾಡಿದ್ರಿ. ನಾಳೆ ಬೆಳಗ್ಗೆ ನಾನೂ ಬರ್ತೀನಿ. ನಾವಿಬ್ರೂ ಸೇರಿ ಹೇಳೋಣ,” ಎಂದರು.

“ತಪ್ಪು ನಂದು ಮೇಡಂ.”

“ಫಾರಂ ನಂದು ಅಲ್ವಾ? ಈ ಊರಲ್ಲೇ ಹುಟ್ಟಿ ಬೆಳೆದೋಳು, ನಂಗೂ ಈ ಪದ್ಧತಿ ಗೊತ್ತಿರ್ಲಿಲ್ಲ ನೋಡಿ. ಉಳಿದ ಜೋಡಿಗಳನ್ನೆಲ್ಲ ಒಂದ್ಸಲ ಕೇಳ್ಕೊಂಡು ಬರ್ಬೇಕು ನೀವು.”

ಮಾರನೇ ದಿನ ಮೇಡಂ ನನ್ನ ಸ್ಕೂಟರಿನ ಹಿಂದೆ, ನನ್ನ ಯಜಮಾನರ ಹೆಲ್ಮೆಟ್ಟು ಹಾಕಿಕೊಂಡು ಬಂದರು. ಅದು ದೊಡ್ಡದಾಗಿ ಕಣ್ಣಿನ ಮೇಲೆ ಜಾರುತ್ತಿತ್ತು, ದಾರಿಯುದ್ದಕ್ಕೂ ಒಂದು ಕೈಯಲ್ಲಿ ಹಿಡಿದುಕೊಂಡಿದ್ದರು. ನಮ್ಮನ್ನು ನೋಡಿದ ಕೂಡಲೇ ದೊಡ್ಡಕ್ಕನ ಮುಖ ಬಿಗಿಯಿತು. ನಾನು ಅವರ ಮಾತು ಮೀರಿದ್ದೇನೆ ಎಂದು ಅರ್ಥವಾಗಿತ್ತು. ನನ್ನ ಕಡೆ ನೋಡಲೇ ಇಲ್ಲ.

ಚಿಕ್ಕಕ್ಕನ ಎದುರು ಕುಳಿತು ಶುರು ಮಾಡಿದವಳು ನಾನೇ. ನನ್ನಿಂದ ತಪ್ಪಾಯಿತು, ಅಕ್ಕನ ಕಾರ್ಡು ನಿಮಗೆ, ನಿಮ್ಮ ಕಾರ್ಡು ಅಕ್ಕನಿಗೆ ಕೊಟ್ಟಿದ್ದೆ ಎಂದೆ. ಮಿಕ್ಕದ್ದನ್ನು ಮೇಡಂ ನಿಧಾನವಾಗಿ ಬಿಡಿಸಿ ಹೇಳಿದರು. ದೊಡ್ಡಕ್ಕ ತಂಗಿಯ ಹತ್ತಿರ ಸರಿದು ಕುಳಿತರು, ಬಿದ್ದರೆ ಹಿಡಿಯಬೇಕು ಎನ್ನುವ ಹಾಗೆ.

ಚಿಕ್ಕಕ್ಕ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮೇಡಂ ಮುಖ ನೋಡಿ ಕೇಳಿದರು.

“ಅಂಗಾದ್ರೆ ಅಕ್ಕಂಗೆ ಏನೂ ಇಲ್ವಾ?”

“ಇಲ್ಲಮ್ಮ. ಅವ್ರು ಚೆನ್ನಾಗಿದ್ದಾರೆ.”

“ದಿಟವಾ?”

“ದಿಟ.”

ಚಿಕ್ಕಕ್ಕ ಎರಡೂ ಕೈ ಎತ್ತಿ ದೇವರ ಗೂಡಿನ ಕಡೆ ಮುಗಿದರು. ಕಣ್ಣಲ್ಲಿ ನೀರು ತುಂಬಿ ಬಂದಿತ್ತು, ಮುಖದಲ್ಲಿ ನಗು. ಒಂದು ತಿಂಗಳು ನಿದ್ದೆ ಮಾಡಿಲ್ಲ ಕಣ್ರವ್ವ ಎಂದರು. ನನಗೆ ಆದ್ರೆ ಆಗ್ಲಿ, ಮಾತ್ರೆ ಬುಟ್ರಾಯ್ತು, ಉಪ್ಪು ಬುಟ್ರಾಯ್ತು ಎಂದರು. ಸೂಜಿ ಕಂಡರೆ ಸೆರಗು ಹಿಡಿಯುವ ಆ ಹೆಂಗಸು ತನ್ನ ಕಾಯಿಲೆಯ ಬಗ್ಗೆ ಹೇಳಿದ್ದು ಅಷ್ಟೇ. ದೊಡ್ಡಕ್ಕ ತಂಗಿಯನ್ನೇ ನೋಡುತ್ತಿದ್ದರು. ಅರವತ್ತೈದು ವರ್ಷದಲ್ಲಿ ಅವರಿಗೂ ಇದು ಹೊಸದು ಅನ್ನಿಸಿತು ನನಗೆ. ಕೊನೆಗೆ ಎದ್ದು ಒಳಗೆ ಹೋಗಿ ಎಲ್ಲರಿಗೂ ಕಾಫಿ ತಂದರು. ನನ್ನ ಲೋಟವನ್ನು ಕೈಗೆ ಕೊಡದೆ ಜಗುಲಿಯ ಮೇಲೆ ಕುಕ್ಕಿದರು. ಆದರೂ ಸಕ್ಕರೆ ನನಗೆ ಬೇಕಾದಷ್ಟೇ ಹಾಕಿದ್ದರು. ಅಲ್ಲಿಗೆ ನನ್ನನ್ನು ಕ್ಷಮಿಸಿದರು ಎಂದುಕೊಂಡೆ.

ಆ ವಾರವೇ ಇಬ್ಬರ ರಕ್ತವನ್ನೂ ಮತ್ತೆ ತೆಗೆದು ನೋಡಿದ್ದಾಯಿತು. ಅನುಮಾನ ಸರಿಯೇ ಇತ್ತು. ಮೇಡಂ ಚಿಕ್ಕಕ್ಕನನ್ನು ಮೂತ್ರಪಿಂಡದ ಡಾಕ್ಟರ ಹತ್ತಿರ ತಾವೇ ಕರೆದುಕೊಂಡು ಹೋದರು. ಮಂಡಿಗೆ ಬಿಸಿನೀರಿನ ಶಾಖ, ಒಂದಿಷ್ಟು ವ್ಯಾಯಾಮ. ನಾನು ಪುಸ್ತಕ ಹಿಡಿದು ಉಳಿದ ಜೋಡಿಗಳ ಮನೆಗೆಲ್ಲ ಎರಡನೇ ಸುತ್ತು ಹೊರಟೆ. ಇನ್ನೂ ಮೂರು ಮನೆಗಳಲ್ಲಿ ನಂಬರು ತಿರುವುಮುರುವಾಗಿತ್ತು, ಪುಣ್ಯಕ್ಕೆ ಯಾರಿಗೂ ತೊಂದರೆಯಾಗಿರಲಿಲ್ಲ. ಈಗ ನಮ್ಮ ಫಾರಮ್ಮಿನಲ್ಲಿ ಎರಡು ಪ್ರಶ್ನೆಗಳಿವೆ: ಮೊದಲು ಹುಟ್ಟಿದವರು ಯಾರು, ಮನೆಯಲ್ಲಿ ದೊಡ್ಡವರು ಯಾರು. ಎರಡನ್ನೂ ಅಚ್ಚಾದ ಹಾಗೆಯೇ ಓದುತ್ತೇನೆ, ಪೊಲೀಸಿನವರ ಹಾಗೆ ಕೇಳಿಸಿದರೂ ಸರಿ. ಕಾರ್ಡಿಲ್ಲದೆ ಬಂದವರನ್ನು ಬಾಗಲಕೋಟೆಯ ಹುಡುಗಿ ವಾಪಸು ಕಳಿಸುತ್ತಾಳೆ, ಅವರು ದೇವನಹಳ್ಳಿಯಿಂದ ಬಂದಿದ್ದರೂ ಬಿಡುವುದಿಲ್ಲ. ಅವಳ ಹತ್ತಿರ ನನ್ನ ಜೋರು ಬಾಯಿಯೂ ನಡೆಯುವುದಿಲ್ಲ.

ಮೂರು ತಿಂಗಳ ಮೇಲೆ ಮಾಡಿದ ಪರೀಕ್ಷೆಯಲ್ಲಿ ಚಿಕ್ಕಕ್ಕನ ರಿಪೋರ್ಟಿನಲ್ಲಿ ಏರಿದ್ದ ಅಂಕಿ ಇಳಿದಿತ್ತು. ಇದೇ ರೀತಿ ಇದ್ದರೆ ಬಹಳ ಕಾಲ ಚೆನ್ನಾಗಿರುತ್ತಾರೆ ಎಂದರು ಮೇಡಂ. ಈಗ ಎರಡು ಮನೆಗೂ ಒಂದೇ ಅಡುಗೆ, ದೊಡ್ಡಕ್ಕ ಇವತ್ತಿಗೂ ಉಪ್ಪು ಹಾಕಿಕೊಳ್ಳುತ್ತಿಲ್ಲ. ನಿಮಗೇನಾಗಿದೆ, ಧಾರಾಳವಾಗಿ ಹಾಕಿಕೊಳ್ಳಿ ಎಂದರೆ, ಒಂದೇ ಪಾತ್ರೆ ಸಾರಿಗೆ ಎರಡು ರುಚಿ ಎಲ್ಲಿಂದ ತರಲಿ ಎನ್ನುತ್ತಾರೆ.

ಆ ಪರೀಕ್ಷೆಯ ಬೆಳಗ್ಗೆ ನಾನು ಆಫೀಸಿನಲ್ಲೇ ಇದ್ದೆ. ಬೇಕಂತಲೇ ಎಲ್ಲೂ ಹೋಗಿರಲಿಲ್ಲ. ಇಬ್ಬರೂ ಮೆಟ್ಟಿಲು ಹತ್ತಿ, ಕಾರ್ಡುಗಳನ್ನು ಕುಂಕುಮದ ಕಲೆ ಸಮೇತ ಕೈಯಲ್ಲಿ ಹಿಡಿದು ಬಂದರು. ಹುಡುಗಿ ಬಾಗಿಲಲ್ಲಿ ನಿಂತು ಕೇಳಿದಳು.

“ಮೊದಲ ಹುಟ್ಟಿದಾಕಿ ಯಾರ್ರೀ ಯವ್ವಾ?”

ಚಿಕ್ಕಕ್ಕ ಒಂದು ಹೆಜ್ಜೆ ಮುಂದಿಟ್ಟವರು, ಒಳಗೆ ತಟ್ಟೆಯಲ್ಲಿದ್ದ ಸೂಜಿ ನೋಡಿ ನಿಂತುಬಿಟ್ಟರು. ಸೆರಗು ಮುಖಕ್ಕೆ ಹೋಯಿತು. ದೊಡ್ಡಕ್ಕ ತಂಗಿಯ ಬೆನ್ನಿನ ಮೇಲೆ ಅಂಗೈ ಇಟ್ಟರು.

“ನೀ ಮುಂದೆ ನಡಿ,” ಎಂದರು. “ನಾನು ಇಂದೆ ಇವ್ನಿ.”